ಇಪ್ಪತ್ತಾರನೆಯ ಊರಿನ ಹದಿನಾಲ್ಕು ಚೂರುಗಳು

ಈ ಗ್ರಂಥದಲ್ಲಿ ಬರೆಯಲು ನಾನು ಯಾವ ರೀತಿಯಿಂದಲೂ ತಕ್ಕವಳಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡು, ಓದುವವರ ಕ್ಷಮೆ ಬೇಡುತ್ತೇನೆ. ನನ್ನ ಹಿಂದೆ ಮುಂದೆ ಬರೆದಿರುವವರೆಲ್ಲ ಪ್ರಾಧ್ಯಾಪಕರು, ಸಂಶೋಧಕರು, ಈಗ ನಿವೃತ್ತರಾಗುತ್ತಿರುವ ಮೇಡಂ ಅವರ ಜೊತೆ ವೇದಿಕೆಯ ಮೇಲೆ ಕುಳಿತವರು. ನಾನು ನೆಲಮಾಳಿಗೆಯ ಉಗ್ರಾಣದಲ್ಲಿ ಮಡಕೆಯ ಚೂರುಗಳನ್ನು ತೊಳೆದು, ಒಣಗಿಸಿ, ಚೀಟಿ ಬರೆದು ಇಟ್ಟವಳು. ಓದಿದ್ದು ಸಂಜೆ ಕಾಲೇಜಿನಲ್ಲಿ, ಅದೂ ಎರಡು ಸಲ ನಪಾಸಾಗಿ. ಈ ಲೇಖನದ ಮೊದಲ ಪ್ರತಿಯನ್ನು ಸಂಪಾದಕರಾದ ನಮ್ಮ ಗ್ರಂಥಪಾಲಕರಿಗೆ ಕೊಟ್ಟಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಅಮ್ಮಾ, ಇದು ಅಭಿನಂದನ ಗ್ರಂಥ. ದೂರಿನ ಅರ್ಜಿ ಅಲ್ಲ” ಎಂದರು. ಹೀಗೇ ಬರೆಯಬೇಕೆಂದು ಹೇಳಿದವರು ಮೇಡಂ ಅವರೇ ಎಂದೆ. ಅವರು ನಂಬಲಿಲ್ಲ. ಮಹಡಿ ಹತ್ತಿ ಹೋಗಿ ಕೇಳಿಕೊಂಡು ಬಂದು, ಹಾಳೆಗಳನ್ನು ಕಡತಕ್ಕೆ ಸೇರಿಸಿಕೊಂಡರು.

ಪ್ರಾಚೀನ ಗ್ರೀಕರ ವ್ಯಾಪಾರವನ್ನು ಅಭ್ಯಾಸ ಮಾಡುವವರ ನಡುವೆ ಮೇಡಂ ಅವರಿಗಿರುವ ಸ್ಥಾನವನ್ನು ಅಳೆದು ಹೇಳುವುದು ನನ್ನಿಂದಾಗದು. ನಾನು ಕಂಡಷ್ಟನ್ನು ಹೇಳುತ್ತೇನೆ. ಎರಡೂವರೆ ಸಾವಿರ ವರ್ಷಗಳ ಹಿಂದೆ ಗ್ರೀಕರ ಸೀಮೆಯ ಸಮುದ್ರದ ಸುತ್ತಲಿನ ಊರುಗಳವರು ದ್ರಾಕ್ಷಾರಸವನ್ನೂ ಎಣ್ಣೆಯನ್ನೂ ಎರಡು ಹಿಡಿಯ ಉದ್ದನೆಯ ಜಾಡಿಗಳಲ್ಲಿ ತುಂಬಿ ಹಡಗಿಗೆ ಏರಿಸುತ್ತಿದ್ದರು. ವ್ಯಾಪಾರಿಗಳು ಹೋದರು, ಹಡಗುಗಳು ಮುಳುಗಿದವು, ಎಣ್ಣೆ ಇಂಗಿಹೋಯಿತು, ಚೂರುಗಳು ಮಾತ್ರ ಉಳಿದವು. ಅಂಥ ಮೂವತ್ತೆಂಟು ಊರುಗಳ ಚೂರುಗಳು, ಹಳೆಯ ಕಾಲದ ಉತ್ಖನನದವರು ಅಭ್ಯಾಸಕ್ಕೆಂದು ಕಳಿಸಿಕೊಟ್ಟವು, ನಮ್ಮ ಸಂಸ್ಥೆಯ ಉಗ್ರಾಣದಲ್ಲಿವೆ. ಉಗ್ರಾಣದಲ್ಲಿ ನಾವು ಊರುಗಳ ಹೆಸರು ಹೇಳುವುದಿಲ್ಲ, ಸಂಖ್ಯೆ ಹೇಳುತ್ತೇವೆ. ಒಂದು ಊರಿಗೆ ಒಂದು ಟ್ರೇ. ಮೂವತ್ತನಾಲ್ಕು ವರ್ಷಗಳ ಹಿಂದೆ ಮೇಡಂ ಇಲ್ಲಿಗೆ ಬಂದಾಗ ಆ ಟ್ರೇಗಳನ್ನು ಕೇಳುವವರೇ ಇರಲಿಲ್ಲವಂತೆ. ಜಾಲ ವಿಶ್ಲೇಷಣೆ ಎಂಬ ವಿಧಾನದಿಂದ ಅವುಗಳಿಗೆ ಬಾಯಿ ಬರಿಸಿದವರು ಅವರು.

ನಾನು ಕೆಲಸಕ್ಕೆ ಸೇರಿದ ದಿನ, ಹತ್ತೊಂಬತ್ತು ವರ್ಷಗಳ ಹಿಂದೆ, ಆ ವಿಧಾನವನ್ನು ಅವರು ನನಗೆ ಹೇಳಿಕೊಟ್ಟ ಬಗೆ ಇನ್ನೂ ನೆನಪಿದೆ. ಅವರ ಕೋಣೆಯ ಗೋಡೆಗೆ ಒಂದು ಹಲಗೆ ಹೊಡೆದಿತ್ತು. ಅದರ ಮೇಲೆ ಮೂವತ್ತೆಂಟು ಮೊಳೆ, ಮೊಳೆಯಿಂದ ಮೊಳೆಗೆ ಬಣ್ಣದ ದಾರ.

“ನಿಮ್ಮ ಬೀದೀಲಿ ಯಾರ ಮನೆ ಪಾತ್ರೆ ಯಾರ ಮನೇಲಿದೆ ಅಂತ ನಿನಗೆ ಗೊತ್ತಾ?” ಎಂದು ಕೇಳಿದರು.

“ನಮ್ಮ ಜರಡಿ ಎದುರು ಮನೇಲಿದೆ ಮೇಡಂ. ಅವರ ದೊಡ್ಡ ಪಾತ್ರೆ ನಮ್ಮಲ್ಲಿದೆ.”

“ನೋಡು, ಆಯ್ತಲ್ಲ. ನಿಮ್ಮಿಬ್ಬರಿಗೂ ಬಳಕೆ ಇದೆ. ಈಗ ಬೀದೀಲಿರೋರೆಲ್ಲ ಸತ್ತುಹೋದ್ರು ಅಂದ್ಕೊ. ಪಾತ್ರೆ ಮಾತ್ರ ಉಳೀತು. ಬರೀ ಪಾತ್ರೆ ನೋಡಿ ಯಾರಿಗೆ ಯಾರು ಬೇಕಾಗಿದ್ರು ಅಂತ ಹೇಳೋದು ನನ್ನ ಕೆಲಸ.” ಆಮೇಲೆ “ಆದ್ರೆ ಕದ್ದುಕೊಂಡು ಬಂದ ಪಾತ್ರೇನೂ ಇರಬಹುದು, ಮರೆತು ಬಿಟ್ಟುಹೋದದ್ದೂ ಇರಬಹುದು. ಅದಕ್ಕೆ ಯಾವುದನ್ನೂ ನಂಬಬೇಡ” ಎಂದು ಸೇರಿಸಿದರು.

ನಂಬಬೇಡ ಎನ್ನುವುದು ಅವರ ಉಸಿರಾಗಿತ್ತು. ಯಾರು ಏನು ಹೇಳಿದರೂ ಅವರ ಬಾಯಿಂದ ಬರುತ್ತಿದ್ದ ಮೊದಲ ಮಾತು “ಯಾರು ನೋಡಿದ್ದು?” ಎಂಬುದೇ. ಈ ಚೂರು ಬಾವಿಯಲ್ಲಿ ಸಿಕ್ಕಿತಂತೆ ಮೇಡಂ. ಯಾರು ನೋಡಿದ್ದು? ಗುಮಾಸ್ತರಿಗೆ ಜ್ವರವಂತೆ ಮೇಡಂ. ಯಾರು ನೋಡಿದ್ದು? ಬೆನ್ನ ಹಿಂದೆ ಎಲ್ಲರೂ ಅವರನ್ನು ‘ಯಾರ್‌ನೋಡಿದ್ದು’ ಎಂದೇ ಕರೆಯುತ್ತಿದ್ದರು. ಇದು ಅವರಿಗೂ ಗೊತ್ತಿತ್ತು.

ಉಗ್ರಾಣಕ್ಕೆ ಅವರು ಮಾಡಿದ್ದ ಕಟ್ಟಳೆ ಒಂದೇ: ಒಂದು ಮೇಜಿಗೆ ಒಂದು ಟ್ರೇ. ಮೊದಲ ಟ್ರೇ ತೊಳೆದು, ಒಣಗಿ, ರ‍್ಯಾಕಿಗೆ ಮರಳುವ ತನಕ ಎರಡನೆಯದು ಕೆಳಗಿಳಿಯುವಂತಿಲ್ಲ. ಕಾರಣ ಸರಳವಾದದ್ದು. ಹಳೆಯ ಉತ್ಖನನದವರು ದೊಡ್ಡ ಚೂರುಗಳ ಮೇಲೆ ಮಾತ್ರ ಕಪ್ಪು ಶಾಯಿಯಲ್ಲಿ ಊರಿನ ಸಂಖ್ಯೆ ಬರೆದಿದ್ದರು. ಸಣ್ಣ ಚೂರುಗಳಿಗೆ ಟ್ರೇಯ ಚೀಟಿಯೊಂದೇ ಗುರುತು. ಎಣಿಕೆಯನ್ನು ಕೂಡ ಯಾರೂ ಬರೆದಿಟ್ಟಿರಲಿಲ್ಲ. ಎರಡು ಟ್ರೇ ಬೆರೆತರೆ ಬಿಡಿಸುವವರಿಲ್ಲ. ಅದಕ್ಕಿಂತ ಹೆಚ್ಚಾಗಿ, ಬೆರೆತ ಟ್ರೇ ಸುಮ್ಮನೆ ಇರುವುದೂ ಇಲ್ಲ. ಎರಡು ಊರಿನ ಮಾಲು ಒಂದರಲ್ಲಿ ಕಂಡರೆ, ಜಾಲದಲ್ಲಿ ಅದು ಎಲ್ಲರೂ ಬಂದು ಹೋಗುವ ದೊಡ್ಡ ಬಂದರಿನ ಹಾಗೆ ಕಾಣಿಸುತ್ತದೆ. ಉಗ್ರಾಣದವಳ ಅಜಾಗರೂಕತೆ ಹಲಗೆಯ ಮೇಲೆ ವ್ಯಾಪಾರವಾಗಿಬಿಡುತ್ತದೆ.

ಆ ಕಟ್ಟಳೆಯನ್ನು ನಾನು ಒಂದೇ ಒಂದು ಸಲ ಮುರಿದೆ.

ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಮೂರನೆಯ ಸಲ ಪರೀಕ್ಷೆಗೆ ಕೂತಿದ್ದೆ. ಅಂದು ಸಂಜೆ ಆರಕ್ಕೆ ಪರೀಕ್ಷೆ. ಆ ವಾರದ ಕೆಲಸದಲ್ಲಿ ಎರಡು ಟ್ರೇ ಉಳಿದಿದ್ದವು, ಒಂಬತ್ತು ಮತ್ತು ಇಪ್ಪತ್ತಾರು. ಒಂದರ ಹಿಂದೆ ಒಂದನ್ನು ತೊಳೆದು, ಒಣಗಲು ಎರಡನ್ನೂ ಒಂದೇ ಜಾಲರಿಯ ಮೇಲೆ ಹರಡಿ, ನಡುವೆ ಒಂದು ಹಗ್ಗ ಹಾಕಿದೆ. ಬೇಗ ಹೊರಡಲು ಅನುಮತಿ ಕೇಳಲು ಮಹಡಿಗೆ ಹೋದೆ. ಮೇಡಂ ಅನುಮತಿ ಕೊಟ್ಟದ್ದಷ್ಟೇ ಅಲ್ಲ, ಹತ್ತು ನಿಮಿಷ ಕೂರಿಸಿಕೊಂಡು ನನಗೆ ತಿಳಿಯದ ಒಂದು ಪ್ರಶ್ನೆಯನ್ನೂ ಬಿಡಿಸಿ ಹೇಳಿದರು. ಕೆಳಗೆ ಬಂದಾಗ ಹಗ್ಗ ಓರೆಯಾಗಿತ್ತು. ಗಾಳಿಯೋ, ಗುಡಿಸುವವರು ಜಾಲರಿಯನ್ನು ಸರಿಸಿದರೋ, ಹೊರಡುವ ಆತುರದಲ್ಲಿ ನನ್ನ ಮೊಣಕೈಯೇ ತಗುಲಿತ್ತೋ. ಕಣ್ಣಂದಾಜಿನಲ್ಲಿ ಆಚೆಯದನ್ನು ಆಚೆಗೆ, ಈಚೆಯದನ್ನು ಈಚೆಗೆ ತುಂಬಿ ರ‍್ಯಾಕಿಗೇರಿಸಿ ಹೊರಟೆ. ಪರೀಕ್ಷೆಯಲ್ಲಿ ಪಾಸಾದೆ. ಯಾರಿಗೂ ಹೇಳಲಿಲ್ಲ.

ಮುಂದಿನ ಆರು ವರ್ಷಗಳಲ್ಲಿ ದಾರ ಹೋಗಿ ಕಂಪ್ಯೂಟರ್ ಬಂತು. ನಾನು ಚೂರುಗಳ ವಿವರ ತುಂಬುತ್ತಿದ್ದೆ, ಮೇಡಂ ಜಾಲ ಕಟ್ಟುತ್ತಿದ್ದರು. ಒಂದೊಂದೇ ಊರನ್ನು ತೆಗೆದುಹಾಕಿ ಉಳಿದ ಜಾಲ ನಿಲ್ಲುತ್ತದೆಯೇ ಹರಿಯುತ್ತದೆಯೇ ಎಂದು ನೋಡುವುದು ಅವರ ಪದ್ಧತಿ. ಹೆಸರಾಂತ ಊರುಗಳನ್ನು ತೆಗೆದರೂ ಜಾಲ ಜಗ್ಗಲಿಲ್ಲ. ಯಾರೂ ಲೆಕ್ಕಕ್ಕಿಡದ ಸಣ್ಣ ಬಂದರಾದ ಇಪ್ಪತ್ತಾರನ್ನು ತೆಗೆದೊಡನೆ ಪರದೆಯ ಮೇಲೆ ಪೂರ್ವದ ಊರುಗಳು ಒಂದು ಕಡೆಗೆ, ಪಶ್ಚಿಮದವು ಇನ್ನೊಂದು ಕಡೆಗೆ ಕಳಚಿಕೊಂಡವು. ಇಪ್ಪತ್ತಾರರ ಟ್ರೇಯಲ್ಲಿ ಪಶ್ಚಿಮದ ಜಾಡಿಗಳ ಹದಿನಾಲ್ಕು ಚೂರು ಇದ್ದುದೇ ಕಾರಣ. ಆ ಬಂದರೇ ಪೂರ್ವ ಪಶ್ಚಿಮಗಳ ನಡುವಿನ ಬಾಗಿಲು ಎಂಬ ಮೇಡಂ ಅವರ ಲೇಖನ ಹನ್ನೆರಡು ವರ್ಷಗಳ ಹಿಂದೆ ಪ್ರಕಟವಾಯಿತು. ಅದರಿಂದ ಅವರಿಗೆ ಬಂದ ಮನ್ನಣೆಯನ್ನು ಈ ಗ್ರಂಥದ ಬೇರೆಯವರು ವಿವರಿಸಿದ್ದಾರೆ. ಪಶ್ಚಿಮದ ಜಾಡಿಗಳೇ ತುಂಬಿದ್ದ ಟ್ರೇ ಒಂಬತ್ತನೆಯದು ಎಂಬುದನ್ನು ಅವರಾರೂ ಬರೆದಿಲ್ಲ. ಅವರಿಗೆ ಬರೆಯಲು ಕಾರಣವಿರಲಿಲ್ಲ. ಅಂದು ಸಂಸ್ಥೆಯವರೆಲ್ಲ ಚಪ್ಪಾಳೆ ತಟ್ಟುತ್ತಿದ್ದಾಗ, ಆ ಓರೆಯಾದ ಹಗ್ಗವನ್ನು ನೆನೆಯುತ್ತಲೇ ನಾನೂ ತಟ್ಟಿದೆ.

ಲೇಖನ ಬಂದ ಮರುವರ್ಷ ನನ್ನ ಮಗಳಿಗೆ ಕಾಮಾಲೆಯಾಯಿತು. ಆಗ ನನ್ನದು ಹಂಗಾಮಿ ಕೆಲಸ, ರಜೆಯಿಲ್ಲ. ಮೇಡಂ ನನ್ನನ್ನು ಮನೆಗೆ ಕಳಿಸಿ, ಹತ್ತು ದಿನ ತಾವೇ ನನ್ನ ಕುರ್ಚಿಯಲ್ಲಿ ಕುಳಿತು ಚೂರು ತೊಳೆದು, ಯಾವ ಟ್ರೇಯನ್ನು ಎಷ್ಟು ಹೊತ್ತಿಗೆ ಒಣಗಲು ಹಾಕಿದ್ದು, ತೆಗೆದದ್ದು ಎಂಬ ಕಾರ್ಡುಗಳನ್ನು ನನ್ನದೇ ರೀತಿಯಲ್ಲಿ ಬರೆದಿಟ್ಟರು. ಇಂಥ ಉಪಕಾರವನ್ನು ಯಾವ ಮೇಲಧಿಕಾರಿ ಮಾಡುತ್ತಾರೆ? ನಾನು ಕೆಲಸಕ್ಕೆ ಮರಳಿದ ದಿನ ರ‍್ಯಾಕಿನಲ್ಲಿ ಇಪ್ಪತ್ತಾರರ ಜಾಗ ಖಾಲಿಯಿತ್ತು. ಅಲ್ಲೊಂದು ಚೀಟಿ: ‘ನನ್ನ ಕೋಣೆಯಲ್ಲಿದೆ’. ಹಿಂದಿರುಗಿಸುವ ದಿನಾಂಕವನ್ನು ಬರೆಯದೆ ಯಾರೂ ಟ್ರೇ ಒಯ್ಯಬಾರದೆಂದು ಮಾಡಿದ್ದವರೇ ಮೇಡಂ. ಚೀಟಿಯಲ್ಲಿ ದಿನಾಂಕವಿರಲಿಲ್ಲ.

ಅಲ್ಲಿಂದ ನನ್ನ ಅನುಮಾನ ಶುರುವಾಯಿತು. ಟ್ರೇ ಅವರ ಬೀರುವಿನಲ್ಲಿತ್ತು, ಬೀರುವಿಗೆ ಬೀಗವಿತ್ತು. ಪ್ರತಿ ಶನಿವಾರ ಮಧ್ಯಾಹ್ನ ಅವರು ಇನ್ನೊಂದು ಟ್ರೇಯನ್ನು ಮೇಲಕ್ಕೆ ತರಿಸುತ್ತಿದ್ದರು. ಯಾವಾಗಲೂ ಒಂಬತ್ತು. ಹೊತ್ತುಕೊಂಡು ಹೋಗುವವಳು ನಾನೇ. ಬಾಗಿಲು ಮುಚ್ಚಿ, ಐದು ಗಂಟೆಗೆ ತೆರೆದು, ಟ್ರೇಯನ್ನು ನನ್ನ ಕೈಗೆ ಕೊಡುತ್ತಿದ್ದರು.

ನಮ್ಮ ಛಾಯಾಗ್ರಾಹಕ ಈ ಬೆಂಕಿಗೆ ಗಾಳಿ ಹಾಕಿದ. “ಅಕ್ಕಾ, ಹೊಟ್ಟೇಲೇ ಇಟ್ಕೊ, ಹೊರಗೆ ಹೇಳ್ಬೇಡ. ಕ್ಯಾಮೆರಾ ನನ್ನ ಕೈಯಿಂದ ಇಸ್ಕೊಂಡು ತಾವೇ ಫೋಟೋ ತೆಗೀತಾರೆ ನಿಮ್ಮ ಮೇಡಂ. ಇಪ್ಪತ್ತು ವರ್ಷದಿಂದ ತೆಗೀತಿರೋ ನನಗೆ ತೋರಿಸಬಾರದಂಥದ್ದು ಏನಿದೆ ಅಲ್ಲಿ?”

“ನನಗೇನು ಗೊತ್ತಪ್ಪ.”

“ಗೊತ್ತಿಲ್ದೆ ನಿನ್ನ ಮುಖ ಯಾಕೆ ಹಂಗಾಯ್ತು?”

ಮನೆಯಲ್ಲಿ ನಮ್ಮ ಯಜಮಾನರಿಗೆ ಹೇಳಿಕೊಂಡೆ. ಅವರು ಲಿಫ್ಟ್ ರಿಪೇರಿ ಮಾಡುವವರು. ಸಿಕ್ಕಿಹಾಕಿಕೊಂಡವರನ್ನು ನಗಿಸುತ್ತಾ ಹೊರಗೆ ತೆಗೆಯುವುದು ಅವರಿಗೆ ರೂಢಿ. “ಲೇ, ಒಡೆದ ಮಡಕೆ ಯಾರಾದ್ರೂ ಕದೀತಾರೇನೇ?” ಎಂದರು.

“ಕದೀತಾರೆ ಅಂತ ಅಲ್ಲ ರೀ. ಮುಚ್ಚಿಡ್ತಾ ಇದ್ದಾರೆ ಅಂತ. ಆ ಟ್ರೇ ಬೆರೆತಿದೆ ಅಂತ ಅವರಿಗೆ ಗೊತ್ತಾಗಿದೆ. ಬೇರೆಯವರು ನೋಡಬಾರದು ಅಂತ ಬೀಗ ಹಾಕಿದ್ದಾರೆ.”

“ಬೆರೆಸಿದ್ದು ಯಾರು?”

ನಾನು ತಟ್ಟೆಗಳನ್ನು ಎತ್ತತೊಡಗಿದೆ. ಅವರು ಎದ್ದು ಮಗಳ ಹೊದಿಕೆ ಸರಿಮಾಡಿ ಬಂದು, “ಹಂಗಾದ್ರೆ ಇಬ್ಬರೂ ಒಂದೇ ಲಿಫ್ಟಲ್ಲಿ ಸಿಕ್ಕಾಕ್ಕೊಂಡಿದ್ದೀರಿ ಬಿಡು” ಎಂದರು.

ಆಮೇಲೆ ನಾನು ಮಾಡಿದ ಕೆಲಸವನ್ನು ಬರೆಯಲು ನಾಚಿಕೆಯಾಗುತ್ತದೆ. ಪ್ರತಿ ಶನಿವಾರ ಒಂಬತ್ತನೆಯ ಟ್ರೇಯನ್ನು ಮೇಲಕ್ಕೆ ಒಯ್ಯುವ ಮೊದಲು ಗುಟ್ಟಾಗಿ ಎಣಿಸಿ, ಕೆಳಗೆ ತಂದ ಮೇಲೆ ಮತ್ತೆ ಎಣಿಸಿ, ಮಗಳ ಹಳೆಯ ನೋಟುಬುಕ್ಕಿನಲ್ಲಿ ಬರೆದಿಡತೊಡಗಿದೆ. ನೂರ ಎಂಬತ್ತೆಂಟು, ನೂರ ಎಂಬತ್ತೆಂಟು. ಅವರು ಇಲ್ಲಿಂದ ಅಲ್ಲಿಗೆ ಚೂರು ಸಾಗಿಸುತ್ತಿದ್ದಾರೆ ಎಂಬುದು ನನ್ನ ಗುಮಾನಿ. ಇಷ್ಟರ ನಡುವೆ, ಎಂಟು ವರ್ಷಗಳ ಹಿಂದೆ, ಅವರೇ ಓಡಾಡಿ ನನ್ನ ಕೆಲಸವನ್ನು ಖಾಯಂ ಮಾಡಿಸಿದರು. ಆದೇಶ ಕೈಗೆ ಬಂದ ದಿನ ಮನೆಯಲ್ಲಿ ಎಲ್ಲರೂ ಸಂತೋಷಪಟ್ಟರು. ನನಗೆ ಮಾತ್ರ, ಇದು ನನ್ನ ಬಾಯಿ ಮುಚ್ಚಿಸಲು ಇರಬಹುದೇ ಎನ್ನಿಸಿತು. ಅದರ ಮುಂದಿನ ಶನಿವಾರವೂ ಎಣಿಸಿದೆ. ಒಂದು ಶನಿವಾರ ನೂರ ಎಂಬತ್ತೇಳು ಬಂತು. ಮೂರು ಸಲ ಎಣಿಸಿದೆ, ಅಷ್ಟೇ. ಮುಂದಿನ ಶನಿವಾರ ಟ್ರೇ ಕೆಳಗೆ ಬಂದಾಗ ಮತ್ತೆ ನೂರ ಎಂಬತ್ತೆಂಟು. ಕೆಲವು ವರ್ಷ ಬಿಟ್ಟು ಮತ್ತೊಮ್ಮೆ ಹಾಗೇ ಆಯಿತು. ದಿನಾಂಕ ಸಹಿತ ಬರೆದುಕೊಂಡೆ. ಯಾರಿಗೆ ತೋರಿಸಲು ಎಂದು ನನಗೇ ಗೊತ್ತಿರಲಿಲ್ಲ.

ಈ ವರ್ಷ ಅವರ ನಿವೃತ್ತಿಗೆ ಒಂದು ತಿಂಗಳು ಇರುವಾಗ ಕೋಣೆಯನ್ನು ವಹಿಸಿಕೊಡುವ ದಿನ ಬಂತು. ಪಟ್ಟಿಗೆ ತಾಳೆ ನೋಡುವ ಕೆಲಸ ನನ್ನದು. ಮೇಡಂ ಬೀಗದ ಕೈಯನ್ನು ನನ್ನ ಕೈಗೇ ಕೊಟ್ಟು, “ನೀನೇ ತೆಗಿ” ಎಂದರು.

ಒಳಗೆ ಇಪ್ಪತ್ತಾರನೆಯ ಟ್ರೇ ಇತ್ತು. ಹದಿನಾಲ್ಕು ಚೂರುಗಳು ಬೇರೆಬೇರೆ ಪೊಟ್ಟಣದಲ್ಲಿದ್ದವು. ಎಲ್ಲದರ ಮೇಲೆ ನನ್ನ ಕೈಬರಹದ ಒಂದು ಹಳೆಯ ಕಾರ್ಡು. ನಾನು ಅಂದು ಆತುರದಲ್ಲೂ ಅಭ್ಯಾಸಬಲದಿಂದ ಬರೆದಿಟ್ಟದ್ದು: ಟ್ರೇ ಇಪ್ಪತ್ತಾರು, ಜಾಲರಿಗೆ ಹಾಕಿದ್ದು ಎರಡು ಗಂಟೆಗೆ, ತೆಗೆದದ್ದು ನಾಲ್ಕೂವರೆಗೆ. ಟ್ರೇ ಒಂಬತ್ತು, ಎರಡೂವರೆಗೆ, ತೆಗೆದದ್ದು ನಾಲ್ಕೂವರೆಗೆ. ಅದರ ಕೆಳಗೆ ಮೇಡಂ ಅವರ ಪೆನ್ಸಿಲ್: ‘ಒಂದೇ ಜಾಲರಿ?’

ಅವರ ಕುರ್ಚಿಯಲ್ಲೇ ಕುಳಿತುಬಿಟ್ಟೆ. ಹದಿನೆಂಟು ವರ್ಷ ಹೇಳದ್ದನ್ನು ಹೇಳಿದೆ: ಪರೀಕ್ಷೆ, ಹಗ್ಗ, ಓರೆ. ಅವರು ಕಿಟಕಿಗೆ ಒರಗಿ ನಿಂತು ಕೇಳಿದರು.

“ಸುಳ್ಳು ಬರೆಯೋಕೆ ಬರಲ್ಲ ನಿನಗೆ. ಬೇರೆಯವರಾಗಿದ್ರೆ ಕಾರ್ಡಲ್ಲಿ ಹೊತ್ತು ಬದಲಾಯಿಸ್ತಿದ್ರು. ನಿನ್ನ ಮಗಳಿಗೆ ಹುಷಾರಿಲ್ಲದಾಗ ಕೂತಿದ್ನಲ್ಲ ಕೆಳಗೆ, ಆಗ ಸಿಕ್ತು ಇದು. ಲೇಖನ ಬಂದು ಒಂದು ವರ್ಷ ಆಗಿತ್ತು.”

“ಆಗಲೇ ಯಾಕೆ ಕೇಳಲಿಲ್ಲ ಮೇಡಂ?”

“ಕೇಳಿದ್ರೆ ನೀನು ಹೂಂ ಅಂತಿದ್ದೆ. ಹೂಂ ಅಂದ್ರೆ ನಾನು ಬರೆದು ತಿಳಿಸಬೇಕಾಗ್ತಿತ್ತು. ಹಂಗಾಮಿಯವಳು ನೀನು, ಮಾರನೇ ದಿನ ಮನೆಗೆ ಹೋಗ್ತಿದ್ದೆ.” ನನ್ನ ಕಡೆ ನೋಡದೆ ಹೇಳಿದರು: “ಇದು ಅರ್ಧ ಮಾತಮ್ಮ. ನೀನು ಖಾಯಂ ಆಗಿ ಎಂಟು ವರ್ಷ ಆಯ್ತಲ್ಲ. ಆಮೇಲೂ ನಾನು ಬಾಯಿ ಬಿಡಲಿಲ್ಲ. ನನ್ನ ಹೆಸರೂ ಇತ್ತು ಅದರಲ್ಲಿ. ಅದಕ್ಕೆ ನಿನ್ನನ್ನ ನೆಪ ಮಾಡ್ಕೊಳ್ಳೋಲ್ಲ. ಹೆದರಿದ್ದೆ, ಅಷ್ಟೇ.”

ಶನಿವಾರಗಳ ಗುಟ್ಟೂ ಅಂದೇ ಹೊರಬಿತ್ತು. ಚೂರಿನ ಮಣ್ಣನ್ನು ಪರೀಕ್ಷಿಸಿದರೆ ಜಾಡಿಯನ್ನು ಎಲ್ಲಿ ಮಾಡಿದ್ದೆಂದು ತಿಳಿಯುತ್ತದೆ, ಎಲ್ಲಿ ಅಗೆದಾಗ ಸಿಕ್ಕಿದ್ದೆಂದು ತಿಳಿಯುವುದಿಲ್ಲ. ಅದಕ್ಕಿರುವ ದಾರಿ ಒಂದೇ, ಒಡೆದ ಅಂಚಿಗೆ ಅಂಚು ಕೂಡಿಸಿ ನೋಡುವುದು. ಆ ಹದಿನಾಲ್ಕು ಚೂರುಗಳನ್ನು ಒಂಬತ್ತರ ನೂರ ಎಂಬತ್ತೆಂಟರ ಜೊತೆಗೂ, ಇಪ್ಪತ್ತಾರರ ಉಳಿದ ಚೂರುಗಳ ಜೊತೆಗೂ, ಒಂದೊಂದರ ಒಂದೊಂದು ಅಂಚನ್ನು ತಿರುಗಿಸಿ ತಿರುಗಿಸಿ, ಫೋಟೋ ತೆಗೆದು, ಹನ್ನೊಂದು ವರ್ಷ ಅವರು ಕೂಡಿಸಿ ನೋಡಿದ್ದರು. ತಮ್ಮ ದೊಡ್ಡ ಹೆಸರನ್ನು ತಾವೇ ಕೆಡವಬಲ್ಲ ಸಾಕ್ಷಿಯನ್ನು ಬಾಗಿಲು ಹಾಕಿಕೊಂಡು ಹುಡುಕುತ್ತಿದ್ದರು. ಎರಡು ಚೂರುಗಳು ಶಾಯಿಯಲ್ಲಿ ‘೯’ ಎಂದು ಬರೆದಿದ್ದ ಚೂರುಗಳಿಗೆ ಕೂಡಿಕೊಂಡವು. ಅವು ನನ್ನ ಜಾಲರಿಯ ಮೇಲೆ ಹಗ್ಗ ದಾಟಿ ಬಂದವು. ಹಾಗೆ ಕೂಡಿದ ಎರಡು ಸಲವೂ ಒಂಬತ್ತರ ಆ ಚೂರನ್ನು ಒಂದು ವಾರ ಇಟ್ಟುಕೊಂಡು ಮತ್ತೆ ಮತ್ತೆ ನೋಡಿದ್ದರಂತೆ. ನನ್ನ ನೂರ ಎಂಬತ್ತೇಳು ಅದೇ.

“ನೀನು ಎಣಿಸ್ತಿದ್ದೆ, ಅಲ್ವಾ?” ಎಂದರು.

“ಹೂಂ ಮೇಡಂ” ಎಂದೆ.

“ಗೊತ್ತಿತ್ತು. ಟ್ರೇ ಮೇಲೆ ಬರುವಾಗ ಚೂರೆಲ್ಲ ಹತ್ತತ್ತರ ಸಾಲಲ್ಲಿ ಕೂತಿರ್ತಿದ್ವು. ಬರೆದಿಟ್ಟಿದ್ದೀಯಾ?”

“ಬರೆದಿದ್ದೀನಿ ಮೇಡಂ. ಮಗಳ ನೋಟುಬುಕ್ಕಲ್ಲಿ.”

ಅವರು ನಕ್ಕದ್ದನ್ನು ನಾನು ಅಷ್ಟು ವರ್ಷದಲ್ಲಿ ಎರಡು ಮೂರು ಸಲ ಕಂಡಿರಬಹುದು. ಅಂದು ನಕ್ಕರು. “ಭೇಷ್. ನಾನು ಚೂರು ಬದಲಾಯಿಸಲಿಲ್ಲ ಅಂತ ಯಾರು ನೋಡಿದ್ದು ಅಂತ ನಾಳೆ ಜನ ಕೇಳ್ತಾರೆ. ನೀನು ನೋಡಿದ್ದೀಯ. ತಗೊಂಡು ಬಾ ಆ ನೋಟುಬುಕ್ಕು.”

ಈ ತಿಂಗಳು ಪ್ರಕಟವಾಗುತ್ತಿರುವ ಮೇಡಂ ಅವರ ತಿದ್ದುಪಡಿ ಟಿಪ್ಪಣಿಯಲ್ಲಿ ಆ ಎಣಿಕೆಯ ಪುಟಗಳು ಸೇರಿವೆ. ಟ್ರೇ ಬೆರೆತದ್ದು ಹೇಗೆ ಎಂಬ ಸಾಲಿನಲ್ಲಿ ಅವರು ‘ಉಗ್ರಾಣದ ಒಂದು ಲೋಪ’ ಎಂದಷ್ಟೇ ಬರೆದಿದ್ದರು. ಅದು ನನ್ನ ಲೋಪವೆಂದು ನಾನೇ ಬರೆಯುತ್ತೇನೆ ಎಂದೆ. “ಅಭಿನಂದನ ಗ್ರಂಥಕ್ಕೆ ನಿನ್ನನ್ನೂ ಕೇಳಿದ್ದಾರಲ್ಲ, ಅಲ್ಲೇ ಬರಿ. ಹೊಗಳೋಕೆ ಹದಿನೆಂಟು ಜನ ಇದ್ದಾರೆ” ಎಂದರು. ಇದರಿಂದ ನನ್ನ ಕೆಲಸಕ್ಕೆ ಏನಾಗುತ್ತದೋ ತಿಳಿಯದು. ನಮ್ಮ ಯಜಮಾನರು, “ಬಾಗಿಲು ತೆಗೆದ ಮೇಲೆ ಒಳಗೇ ನಿಂತ್ಕೊಂಡಿರೋಕಾಗುತ್ತಾ?” ಎಂದಿದ್ದಾರೆ.

ನನಗೆ ಅನುಮಾನಿಸುವುದನ್ನು ಕಲಿಸಿದವರು ಮೇಡಂ. ಕಲಿತದ್ದನ್ನು ನಾನು ಮೊದಲು ಅವರ ಮೇಲೆಯೇ ಪ್ರಯೋಗಿಸಿದೆ. ಅವರು ಕೋಪಿಸಿಕೊಳ್ಳದೆ ಅದನ್ನು ತಮ್ಮ ಪರವಾದ ಸಾಕ್ಷಿಯ ಸ್ಥಾನದಲ್ಲಿ ಕೂರಿಸಿದರು. ಅವರು ನನಗೆ ಮಾಡಿದ ಉಪಕಾರಗಳನ್ನೆಲ್ಲ ಸಂಶಯದಿಂದ ಕಂಡದ್ದಕ್ಕೆ ಈ ಗ್ರಂಥದ ಮೂಲಕ, ಓದುವವರ ಎದುರಿನಲ್ಲಿ, ಕ್ಷಮೆ ಕೇಳುತ್ತೇನೆ. ಮುಂದಿನ ತಿಂಗಳಿನಿಂದ ಅವರು ವಾರಕ್ಕೆ ಮೂರು ದಿನ ಸಂದರ್ಶಕರಾಗಿ ಉಗ್ರಾಣಕ್ಕೆ ಬರುತ್ತಾರೆ. ಕಿಟಕಿಯ ಬಳಿಯ ಮೇಜನ್ನು ತೆರವು ಮಾಡಿಟ್ಟಿದ್ದೇನೆ. ಅದರ ಮೇಲೆ ಒಂದೇ ಟ್ರೇ ಇರುತ್ತದೆ. ಅವರ ಕಣ್ಣು ಮಂಜಾಗದಿರಲಿ, ಬೆರಳು ನಡುಗದಿರಲಿ, ಇನ್ನೂ ಬಹುಕಾಲ ನಮ್ಮೆಲ್ಲರನ್ನೂ ‘ಯಾರು ನೋಡಿದ್ದು’ ಎಂದು ಕೇಳುವ ಆಯುಷ್ಯ ಅವರಿಗಿರಲಿ.

ಹದಿನಾಲ್ಕರಲ್ಲಿ ಎರಡರ ಮಾತು ಹೇಳಿದೆ. ಇನ್ನೊಂದು, ಮುದ್ರೆಯಿರುವ ಹಿಡಿಯ ತುಂಡು, ಬೆಂಕಿ ತಗುಲಿ ಕಪ್ಪಾಗಿ ಎಲ್ಲಿಯ ಮಾಲೆಂದು ಗೊತ್ತಾಗದೆ ಬಿದ್ದಿದ್ದ ಒಂದು ದೊಡ್ಡ ಚೂರಿಗೆ ಕಳೆದ ವರ್ಷ ಕೂಡಿಕೊಂಡಿತು. ಆ ದೊಡ್ಡ ಚೂರಿನ ಮೇಲೆ ಶಾಯಿಯಲ್ಲಿ ‘೨೬’ ಎಂದಿದೆ. ಪಶ್ಚಿಮದ ಒಂದು ಜಾಡಿಯಾದರೂ ಆ ಬಂದರಿಗೆ ನಿಜವಾಗಿ ಬಂದಿತ್ತು. ಜಾಲದಲ್ಲಿ ಒಂದು ಎಳೆ ಉಳಿದಿದೆ. ಒಂದು ಜಾಡಿಯಿಂದ ಬಂದರು ಬಾಗಿಲಾಗುತ್ತದೆಯೇ ಎಂದರೆ, ಯಾರೋ ಒಬ್ಬ ನಾವಿಕ ಮರೆತು ಹೋದದ್ದೂ ಇರಬಹುದು ಎನ್ನುತ್ತಾರೆ ಮೇಡಂ.

ಉಳಿದ ಹನ್ನೊಂದು ಚೂರುಗಳು ಯಾವುದಕ್ಕೂ ಕೂಡಿಲ್ಲ. ಅವು ಒಂಬತ್ತರವೋ ಇಪ್ಪತ್ತಾರರವೋ ನನಗೆ ಗೊತ್ತಿಲ್ಲ, ಮೇಡಂ ಅವರಿಗೂ ಗೊತ್ತಿಲ್ಲ. ಹಗ್ಗ ಸರಿದದ್ದನ್ನು ನಾನು ನೋಡಿಲ್ಲ.